ಅಮ್ಮನ ಮಾತ್ರೆಗೆ ಅಲಾರಾಂ ಡಬ್ಬಿ: ತುಂಬುವುದು ಹೇಗೆ?

"ಬಿಪಿ ಮಾತ್ರೆ ತಗೊಂಡೆನೋ ಇಲ್ಲವೋ?" ಈ ಅನುಮಾನ ಬಂದರೆ ಅಮ್ಮ ಇನ್ನೊಂದು ನುಂಗಿಬಿಡುತ್ತಿದ್ದರು. ಮರೆಯುವುದಕ್ಕಿಂತ ಇದೇ ನಮಗೆ ಜಾಸ್ತಿ ಭಯ ಹುಟ್ಟಿಸಿತು. ಅದಕ್ಕೇ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವ ಡಬ್ಬಿ ತಂದೆವು. ಒಳಗೆ ಅಳಗುಳಿ ಮಣೆಯ ಹಾಗೆ 28 ಮನೆಗಳ ದುಂಡು ತಟ್ಟೆ, ಮೇಲೆ ಬೀಗ. ಹೊತ್ತಾದಾಗ ತಟ್ಟೆ ಒಂದು ಮನೆ ತಿರುಗಿ ಅಲಾರಾಂ ಕೂಗುತ್ತದೆ. ಡಬ್ಬಿಯನ್ನು ಬೋರಲು ಹಾಕಿದರೆ ಆ ಹೊತ್ತಿನ ಮಾತ್ರೆ ಮಾತ್ರ ಬೀಳುತ್ತದೆ.

ಆದರೆ ತಪ್ಪು ಮಾತ್ರೆ ತುಂಬಿದರೆ ತಪ್ಪನ್ನೇ ಹೊತ್ತಿಗೆ ಸರಿಯಾಗಿ ಕೊಡುತ್ತದೆ. ಹಾಗಾಗಿ ಮೊದಲು ಮನೆಯಲ್ಲಿರುವ ಎಲ್ಲಾ ಸ್ಟ್ರಿಪ್‌ಗಳನ್ನೂ ಒಂದು ಚೀಲಕ್ಕೆ ಹಾಕಿ ಡಾಕ್ಟರಿಗೆ ತೋರಿಸಿ. ಇಬ್ಬರು ಡಾಕ್ಟರು ಬರೆದ ಎರಡು ಬೇರೆ ಹೆಸರಿನ ಮಾತ್ರೆಯೊಳಗೆ ಒಂದೇ ಔಷಧಿ ಇರಬಹುದು.

ಆಮೇಲೆ ಹೊತ್ತು ಗೊತ್ತುಮಾಡಿ. ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ, ಕಾಫಿ ತಿಂಡಿಗೆ ಅರ್ಧದಿಂದ ಒಂದು ಗಂಟೆ ಮುಂಚೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೂ ಅದಕ್ಕೂ 4 ಗಂಟೆ ಅಂತರ ಬೇಕು. ಶುಗರ್‌ಗೆ ಕೊಡುವ ಮೆಟ್ಫಾರ್ಮಿನ್ ಊಟದ ಜೊತೆಗೆ. ದಿನಕ್ಕೆ 4 ಹೊತ್ತಾದರೆ 28 ಮನೆ ಒಂದು ವಾರಕ್ಕೆ ಸರಿಹೋಗುತ್ತದೆ. 2 ಹೊತ್ತಾದರೆ ಎರಡು ವಾರ ಬರುತ್ತದೆ ನಿಜ, ಆದರೂ ವಾರದ್ದಷ್ಟೇ ತುಂಬಿ. ಸ್ಟ್ರಿಪ್ಪಿನಿಂದ ಬಿಡಿಸಿದ ಮಾತ್ರೆ ಮಳೆಗಾಲದ ತೇವಕ್ಕೆ ಕೆಡಬಹುದು, ಕರಾವಳಿ, ಮಲೆನಾಡಿನಲ್ಲಂತೂ ಹೇಳಬೇಕಿಲ್ಲ. ಮೂರ್ಛೆರೋಗದ ವಾಲ್ಪ್ರೋಯೇಟ್‌ನಂಥ ಕೆಲವನ್ನು ಸ್ಟ್ರಿಪ್ಪಿನಿಂದ ಬಿಡಿಸಿ ಇಡಲೇಬಾರದು. ಮೆಡಿಕಲ್ ಶಾಪಿನವರನ್ನು ಒಂದೊಂದಕ್ಕೂ ಕೇಳಿ.

ಎದೆನೋವಿಗೆ ನಾಲಿಗೆಯಡಿ ಇಡುವ ಮಾತ್ರೆ ಬೀಗದೊಳಗೆ ಬೇಡ, ಕೈಗೆ ಸಿಗುವಂತಿರಲಿ. ಬೇಕಾದಾಗ ಮಾತ್ರ ತೆಗೆದುಕೊಳ್ಳುವ ನೋವಿನ ಮಾತ್ರೆಯೂ ಹೊರಗಿರಲಿ. ಕೀಲುವಾತಕ್ಕೆ ವಾರಕ್ಕೊಮ್ಮೆ ಕೊಡುವ ಮೆಥೊಟ್ರೆಕ್ಸೇಟ್ ತುಂಬುವಾಗ ಮೈಯೆಲ್ಲ ಕಣ್ಣಾಗಿರಬೇಕು. ಅದನ್ನು ದಿನಾ ನುಂಗಿದರೆ ಜೀವಕ್ಕೇ ಅಪಾಯ. ನಾವಾದರೆ ಅದನ್ನು ಡಬ್ಬಿಗೇ ಹಾಕುವುದಿಲ್ಲ, ಆ ದಿನ ಯಾರಾದರೂ ಕೈಯಾರೆ ಕೊಡುವುದೇ ಒಳ್ಳೆಯದು.

ಭಾನುವಾರ ಬೆಳಕಿರುವ ಕಡೆ ಕೂತು ಒಬ್ಬರೇ ತುಂಬಿ, ಇನ್ನೊಬ್ಬರು ಚೀಟಿ ನೋಡಿ ಎಣಿಸಲಿ. ಸ್ಟ್ರಿಪ್‌ಗಳನ್ನು ಎಸೆಯಬೇಡಿ. ಆಸ್ಪತ್ರೆಗೆ ಓಡಬೇಕಾಗಿ ಬಂದರೆ ಮಾತ್ರೆಯ ಹೆಸರು ತಿಳಿಯುವುದು ಅದರಿಂದಲೇ.

ಮೊದಲ ಎರಡು ಮೂರು ದಿನ ಮಾತ್ರೆ ಬದಲು ಕಡಲೆಕಾಳು ಹಾಕಿ ಅಭ್ಯಾಸ ಮಾಡಿಸಿ. ಅಡುಗೆಮನೆಗೆ ಅಲಾರಾಂ ಕೇಳಿಸುತ್ತದಾ? ನಡುಗುವ ಕೈಯಲ್ಲಿ ಡಬ್ಬಿ ಬೋರಲು ಹಾಕಲು ಆಗುತ್ತದಾ? ಕರೆಂಟ್ ಹೋದಾಗ ಬ್ಯಾಟರಿಯಲ್ಲಿ ನಡೆಯುತ್ತದಾ? ಇದೆಲ್ಲ ಕಾಳಿನಲ್ಲೇ ಗೊತ್ತಾಗಿಬಿಡಲಿ.

ಡಾಕ್ಟರು ಡೋಸ್ ಬದಲಿಸಿದರೆ ಅವತ್ತೇ ತಟ್ಟೆ ಖಾಲಿ ಮಾಡಿ ಹೊಸದಾಗಿ ತುಂಬಿ. ಒಂದು ಹೊತ್ತು ತಪ್ಪಿದರೆ ಮುಂದಿನ ಹೊತ್ತಿಗೆ ಎರಡು ಕೊಡಬೇಡಿ.

ಏಕಾದಶಿ, ಸಂಕಷ್ಟಿ ಡಬ್ಬಿಗೆ ಗೊತ್ತಾಗುವುದಿಲ್ಲ, ಅಲ್ವಾ? ಗ್ಲಿಮೆಪಿರೈಡ್‌ನಂಥ ಶುಗರ್ ಮಾತ್ರೆ ನುಂಗಿ ಉಪವಾಸವಿದ್ದರೆ ಶುಗರ್ ಇಳಿದು ತಲೆಸುತ್ತಿ ಬೀಳಬಹುದು. ಉಪವಾಸದ ದಿನ ಏನು ಮಾಡಬೇಕೆಂದು ಡಾಕ್ಟರಲ್ಲಿ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ನಾವು ಆ ಚೀಟಿಯನ್ನು ಕ್ಯಾಲೆಂಡರಿಗೇ ಅಂಟಿಸಿದ್ದೇವೆ. ಏಕಾದಶಿ ಎಂದೆಂದು ನೋಡಲು ಅಮ್ಮ ಹೋಗುವುದು ಅಲ್ಲಿಗೇ.