ಹಲೋ ದಾಟಿತು, ಮಾತು ದಾಟಲಿಲ್ಲ

ರಾತ್ರಿ ಎರಡೂವರೆ. ಹಿರಿಯೂರಿನ ನಮ್ಮ ಶೆಲ್ಟರ್‌ನಲ್ಲಿ, ಅಂದರೆ ಫೈಬರ್ ಉಪಕರಣಗಳ ಕೋಣೆಯಲ್ಲಿ, ತಲೆಕೆಳಗು ಮಾಡಿದ ಬ್ಯಾಟರಿ ಡಬ್ಬದ ಮೇಲೆ ಕೂತು, ಲ್ಯಾಪ್‌ಟಾಪನ್ನು ಕನ್ಸೋಲ್ ಕೇಬಲ್‌ಗೆ ಚುಚ್ಚಿಕೊಂಡಿದ್ದೆ. ಸಿರಾ ಕಡೆ ಹೆದ್ದಾರಿ ಪಕ್ಕದಲ್ಲಿ ಜೆಸಿಬಿಯವನು ಫೈಬರ್ ಕಿತ್ತು ಮೂರು ಗಂಟೆಯಾಗಿತ್ತು. ತುಂಡಾದ ಫೈಬರ್ ಬೆಸೆಯುವ ಸ್ಪ್ಲೈಸಿಂಗ್ ಹುಡುಗರು ಗುಂಡಿಯೊಳಗೆ ಇಳಿದಿದ್ದರು. ಅದರ ಚಿಂತೆ ನನಗಿರಲಿಲ್ಲ. ಇಂಥ ಹೊತ್ತಿನಲ್ಲೂ ಉಪಕರಣಗಳನ್ನು ದೂರದಿಂದ ಮಾತಾಡಿಸಲೆಂದೇ ಕಟ್ಟಿಟ್ಟಿದ್ದ ಬದಲಿ ದಾರಿ ಕೆಲಸ ಮಾಡುತ್ತಿಲ್ಲವಲ್ಲ ಎಂಬುದೇ ಚಿಂತೆ.

ಫೋನಿನಲ್ಲಿ ಬೆಂಗಳೂರಿನ ಎನ್‌ಒಸಿ (ಜಾಲದ ಮೇಲೆ ಕಣ್ಣಿಡುವ ಕೇಂದ್ರ) ಹುಡುಗಿ: "ಸರ್, ಕಂಟ್ರೋಲ್ ಚಾನೆಲ್ ಅಪ್ ಅಂತಾನೇ ತೋರಿಸ್ತಿದೆ. ಆದ್ರೆ ನಿಮ್ಮ ನೋಡ್‌ಗೆ ಲಾಗಿನ್ ಆಗ್ತಿಲ್ಲ."

"ಹಲೋ ಬರ್ತಿದೆಯಾ?"

"ಒಂದೂ ತಪ್ಪಿಲ್ಲ ಸರ್."

ಹಲೋ ಎಂದರೆ ನೋಡ್‌ಗಳು (ಲೈನಿನ ಮೇಲೆ ಊರೂರಿನಲ್ಲಿರುವ ನಮ್ಮ ಉಪಕರಣಗಳು) ಬದುಕಿದ್ದೇವೆಂದು ಒಂದಕ್ಕೊಂದು ಕಳಿಸುವ ಪುಟ್ಟ ಸಂದೇಶ; ಅವು ಮಾತಾಡಿಕೊಳ್ಳುವ ದಾರಿಯೇ ಕಂಟ್ರೋಲ್ ಚಾನೆಲ್. ತಪ್ಪು ನನ್ನದೇ ಎಂದು ಗೊತ್ತಾಗಲು ಇನ್ನೂ ಒಂದು ಗಂಟೆ ಬೇಕಾಯಿತು.

ಈ ಕೆಲಸಕ್ಕೆ ಹೊಸಬರಾದವರಿಗಾಗಿ ಸ್ವಲ್ಪ ಹಿನ್ನೆಲೆ. ಒಂದೇ ಫೈಬರ್‌ನಲ್ಲಿ ಹಲವು ಬಣ್ಣದ ಬೆಳಕು ಕಳಿಸುವ ಡಿಡಬ್ಲ್ಯುಡಿಎಂ ಲೈನಿನಲ್ಲಿ ಗ್ರಾಹಕರ ಬೆಳಕು ಹೋಗುವುದು ಸುಮಾರು 1530ರಿಂದ 1565 ನ್ಯಾನೋಮೀಟರ್ ನಡುವೆ. ನೋಡ್‌ಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲು ಆ ಪಟ್ಟಿಯ ಹೊರಗೆ, 1510ರಲ್ಲಿ, ಬೇರೆಯೇ ಒಂದು ಸಣ್ಣ ಬೆಳಕು ಇರುತ್ತದೆ. ಅದಕ್ಕೆ ನಾವು ಓಎಸ್‌ಸಿ ಎನ್ನುತ್ತೇವೆ. ಆಂಪ್ಲಿಫೈಯರ್‌ಗೆ ಮೊದಲೇ ಫಿಲ್ಟರ್ ಅದನ್ನು ಪಕ್ಕಕ್ಕೆ ಎಳೆದುಕೊಳ್ಳುತ್ತದೆ, ಹಾಗಾಗಿ ಅದಕ್ಕೆ ವರ್ಧನೆಯ ಭಾಗ್ಯವಿಲ್ಲ. ಪ್ರತಿ ನೋಡ್‌ನಲ್ಲೂ ಇಳಿದು, ವಿದ್ಯುತ್ ಸಂಕೇತವಾಗಿ, ಮತ್ತೆ ಬೆಳಕಾಗಿ ಮುಂದಿನ ನೋಡ್‌ವರೆಗೆ ಮಾತ್ರ ಹೋಗುತ್ತದೆ.

ನಮ್ಮದು ಆಗ ಇನ್ನೂ ರಿಂಗ್ ಆಗಿರಲಿಲ್ಲ, ಬೆಂಗಳೂರಿನಿಂದ ತುಮಕೂರು, ಸಿರಾ, ಹಿರಿಯೂರು ದಾಟಿ ಮೇಲಕ್ಕೆ ಹೋಗುವ ಸರಪಳಿ. ಒಂದು ಕೊಂಡಿ ಕಳಚಿದರೆ ಫೈಬರ್ ಜೊತೆಗೆ ಓಎಸ್‌ಸಿಯೂ ಹೋಗುತ್ತದೆ, ಆಚೆಯ ನೋಡ್‌ಗಳೆಲ್ಲ ಕುರುಡು. ಅದಕ್ಕೇ ಸಿರಾ ಮತ್ತು ಹಿರಿಯೂರಿನಲ್ಲಿ ಬಾಡಿಗೆ ಐಪಿ ಲೈನ್ ತೆಗೆದುಕೊಂಡು, ಅದರ ಮೇಲೆ ಜಿಆರ್‌ಇ ಟನೆಲ್ (ನಮ್ಮ ಪ್ಯಾಕೆಟ್ಟನ್ನು ಇನ್ನೊಂದು ಪ್ಯಾಕೆಟ್‌ನಲ್ಲಿ ಸುತ್ತಿ ಕಳಿಸುವ ದಾರಿ) ಎಳೆದು, ಎರಡನೇ ಕಂಟ್ರೋಲ್ ಚಾನೆಲ್ ಕಟ್ಟಿದ್ದೆ.

ಕಟ್ಟುವ ಮೊದಲು ಮಾಡಿದ ಒಂದು ಒಳ್ಳೆಯ ಕೆಲಸವೆಂದರೆ ಕಾಗದದ ಮೇಲೆ ಬರೆದದ್ದು. ಪ್ರತಿ ನೋಡ್‌ನ ಲೂಪ್‌ಬ್ಯಾಕ್ ವಿಳಾಸವೇ (ಯಾವ ಲೈನಿಗೂ ಅಂಟದ ಅದರ ಸ್ವಂತ ಐಪಿ ವಿಳಾಸ) ಅದರ ನೋಡ್ ಐಡಿ. ಪ್ರತಿ ಚಾನೆಲ್‌ಗೆ ಎರಡು ತುದಿಯಲ್ಲೂ ಒಂದೊಂದು ಸಂಖ್ಯೆ, ಅಂದರೆ ಸಿಸಿಐಡಿ. ಸಿರಾದಲ್ಲಿ ಓಎಸ್‌ಸಿಗೆ 11, ಟನೆಲ್‌ಗೆ 12. ಹಿರಿಯೂರಿನಲ್ಲಿ 21, 22. ಇಲ್ಲಿಯ ಲೋಕಲ್ ಅಲ್ಲಿಯ ರಿಮೋಟ್ ಎಂಬ ಸರಳ ಲೆಕ್ಕವೇ ರಾತ್ರಿ ಹೊತ್ತು ಅದಲುಬದಲಾಗುವುದು.

ಕಂಟ್ರೋಲ್ ಚಾನೆಲ್ ನೋಡಿಕೊಳ್ಳುವ ನಿಯಮಾವಳಿಯಾದ ಎಲ್‌ಎಂಪಿಯಲ್ಲಿ ಎರಡೂ ಕಡೆಯವರು ಕಾನ್ಫಿಗ್ ಸಂದೇಶ ಕಳಿಸಿಕೊಂಡು ಹಲೋ ಅಂತರವನ್ನು ಒಪ್ಪಿಕೊಳ್ಳಬೇಕು. ಇಬ್ಬರೂ ಒಟ್ಟಿಗೆ ಕಳಿಸಿದರೆ ದೊಡ್ಡ ನೋಡ್ ಐಡಿಯವರದೇ ಮಾತು ನಡೆಯುವುದು, ಚಿಕ್ಕವರು ತಮ್ಮ ಕಾನ್ಫಿಗ್ ಕಳಿಸುವುದನ್ನು ನಿಲ್ಲಿಸಿ ಉತ್ತರ ಕೊಡಬೇಕು. ಅದರ ಮಾನಕ ದಾಖಲೆಯಾದ 2005ರ ಆರ್‌ಎಫ್‌ಸಿ 4204 ಸೂಚಿಸುವ ಅಂತರ 150 ಮಿಲಿಸೆಕೆಂಡ್, ಸತ್ತಿತೆಂದು ಎಣಿಸಲು 500. ಓಎಸ್‌ಸಿಗೆ ಹಾಗೇ ಬಿಟ್ಟೆ. ಬಾಡಿಗೆ ಲೈನಿನ ಮೇಲೆ ಅದು ಗಳಿಗೆಗೊಮ್ಮೆ ಬೀಳುತ್ತಿತ್ತು. ಒಂದು ಸೆಕೆಂಡಿಗೊಂದು ಹಲೋ, ಮೂರೂವರೆ ಸೆಕೆಂಡ್ ಕಾಯುವಿಕೆ ಎಂದು ಸಡಿಲ ಮಾಡಿದ ಮೇಲೆ ನಿಂತಿತು. ಇಷ್ಟರವರೆಗೆ ಸರಿಯೇ.

ಇನ್ನು ತಪ್ಪಿನ ಕಥೆ. ಯಾವ ನೋಡ್‌ಗೆ ಯಾವ ದಾರಿ ಎಂದು ನೋಡ್‌ಗಳು ಒಂದಕ್ಕೊಂದು ತಿಳಿಸಿಕೊಳ್ಳುವ ಓಎಸ್‌ಪಿಎಫ್ಅನ್ನು ಟನೆಲ್ ಮೇಲೆ ಹಾಕಿದಾಗ ಅದು ಜೋಡಣೆಯ ಆರಂಭದ ಹಂತವಾದ ಎಕ್ಸ್‌ಸ್ಟಾರ್ಟ್‌ನಲ್ಲಿ ನಿಂತುಬಿಟ್ಟಿತು. ಕಾರಣ ಹಳೆಯದು: ಸಿರಾದಲ್ಲಿ ಟನೆಲ್‌ನ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, ಬೈಟ್‌ಗಳಲ್ಲಿ) 1500, ಹಿರಿಯೂರಿನಲ್ಲಿ 1476. ಜಿಆರ್‌ಇ ತಲೆಗೆ 24 ಬೈಟ್ ಹೋಗುತ್ತದಲ್ಲ, ಅದನ್ನು ಒಂದು ತುದಿ ಲೆಕ್ಕ ಹಾಕಿತ್ತು, ಇನ್ನೊಂದು ಹಾಕಿರಲಿಲ್ಲ. ಓಎಸ್‌ಪಿಎಫ್ ಹಲೋದಲ್ಲಿ ಎಂಟಿಯು ಇರುವುದಿಲ್ಲ, ಡೇಟಾಬೇಸ್ ವಿವರದ ಪ್ಯಾಕೆಟ್‌ನಲ್ಲಿ ಮಾತ್ರ ಇರುತ್ತದೆ. ಸರಿಪಡಿಸಲು ಐದು ನಿಮಿಷ ಸಾಕಿತ್ತು. ಸಂಜೆಯಾಗಿತ್ತು, ಗಾಡಿ ಕಾಯುತ್ತಿತ್ತು. ಎಂಟಿಯು ನೋಡಬೇಡ ಎಂಬ ಒಂದು ಸಾಲಿನ ಕಮ್ಯಾಂಡ್ ಎರಡೂ ಕಡೆ ಹೊಡೆದೆ. ಜೋಡಣೆ ಪೂರ್ತಿಯಾಯಿತೆಂಬ ಫುಲ್ ಎಂದು ಬಂತು. ಹೊರಟೆ.

ಟನೆಲ್ ಕಟ್ಟಿದ ಆ ಹೊತ್ತಿಗೆ ಇದ್ದದ್ದು ಎರಡೇ ನೋಡ್. ಡೇಟಾಬೇಸ್ ಅಂಗೈಯಗಲ. ದೊಡ್ಡ ಪ್ಯಾಕೆಟ್ ಹುಟ್ಟುವ ಪ್ರಮೇಯವೇ ಇರಲಿಲ್ಲ. ಹತ್ತಿಪ್ಪತ್ತು ತಿಂಗಳಲ್ಲಿ ಸರಪಳಿ ಉದ್ದವಾಯಿತು, ಪ್ರತಿ ಲಿಂಕಿಗೂ ಟಿಇ (ಟ್ರಾಫಿಕ್ ಎಂಜಿನಿಯರಿಂಗ್) ಮಾಹಿತಿ ಸೇರಿತು. ಹಳೆಯ ಜೋಡಣೆ ಕೂತಲ್ಲೇ ಕೂತಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಆ ವಾರ ಹಿರಿಯೂರಿನಲ್ಲಿ ಬಾಡಿಗೆ ಲೈನಿನ ರೂಟರ್‌ಗೆ ಕರೆಂಟ್ ಹೋಗಿ ಬಂದಿತ್ತು. ಓಎಸ್‌ಪಿಎಫ್ ಮೊದಲಿನಿಂದ ಶುರುಮಾಡಿ, ಫುಲ್‌ಗೆ ಮುಂಚಿನ ಲೋಡಿಂಗ್ ಹಂತದಲ್ಲಿ ಸಿಕ್ಕಿಕೊಂಡಿತ್ತು. ಕೇಳಿಕೆ ಹೋಗುತ್ತಿದೆ, ಉತ್ತರ ಬರುತ್ತಿಲ್ಲ. ಅಲಾರಂ ಇಟ್ಟಿದ್ದದ್ದು ಎಲ್‌ಎಂಪಿ ಹಲೋಗೆ ಮಾತ್ರ, ಅದು ಪುಟ್ಟ ಪ್ಯಾಕೆಟ್, ಆರಾಮಾಗಿ ಓಡಾಡುತ್ತಿತ್ತು. ಜೆಸಿಬಿ ಬಂದದ್ದು ಆಮೇಲೆ; ಹಲೋ ದಾಟುತ್ತಿದ್ದರೂ ಲಾಗಿನ್‌ಗೆ ದಾರಿ ಇರಲಿಲ್ಲ.

ಸಿರಾದಲ್ಲಿದ್ದ ಟೆಕ್ನಿಷಿಯನ್‌ಗೆ ಫೋನ್ ಮಾಡಿ, "ಗುರು, ಟನೆಲ್ ಒಳಗಿಂದ ನನಗೆ ಪಿಂಗ್ ಹೊಡಿ, ತುಂಡು ಮಾಡಬೇಡ ಅನ್ನೋ ಬಿಟ್ ಇಟ್ಟು" ಎಂದೆ. 1448 ಬೈಟ್‌ನ ಪಿಂಗ್ (ತಲುಪಿತೇ ಎಂದು ನೋಡುವ ಪರೀಕ್ಷಾ ಪ್ಯಾಕೆಟ್) ಹೋಗಲಿಲ್ಲ. 1400 ಹೋಗಲಿಲ್ಲ. 1380 ಹೋಯಿತು. ಹತ್ತಿರ ಹತ್ತಿರ ಬಂದು 1392 ದಾಟಿತು, 1393 ನಿಂತಿತು. ಪಿಂಗ್‌ನ ತಲೆಗೆ ಹೋಗುವ 28 ಬೈಟ್ ಸೇರಿಸಿದರೆ 1420. ಬಾಡಿಗೆಯವರು ನಡುವೆ ಇನ್ನೊಂದು ಸುತ್ತು ಕವರ್ ಹಾಕುತ್ತಿದ್ದರು, ಅವರ ಫೈರ್‌ವಾಲ್ "ಪ್ಯಾಕೆಟ್ ದೊಡ್ಡದಾಯ್ತು" ಎನ್ನುವ ಐಸಿಎಂಪಿ ಎಚ್ಚರಿಕೆ ಸಂದೇಶವನ್ನು ನುಂಗುತ್ತಿತ್ತು. ಅಂದರೆ ನಾನು ಆವತ್ತು 1476 ಎಂದು ಸರಿಮಾಡಿದ್ದರೂ ಕೆಲಸ ಕೆಡುತ್ತಿತ್ತು. ಅಳೆದು ನೋಡದೆ ಲೆಕ್ಕ ಹಾಕಿದರೆ ಹೀಗೇ.

ಎರಡೂ ಕಡೆ 1400 ಇಟ್ಟು, ನನ್ನ ಆ ಒಂದು ಸಾಲನ್ನು ಅಳಿಸಿದೆವು. ಎಕ್ಸ್‌ಸ್ಟಾರ್ಟ್, ಎಕ್ಸ್‌ಚೇಂಜ್, ಲೋಡಿಂಗ್, ಫುಲ್ ಎಂದು ಕಣ್ಣೆದುರೇ ಓಡಿತು. "ಸರ್, ಬಂತು!" ಎಂದಳು ಎನ್‌ಒಸಿ ಹುಡುಗಿ. ಸ್ಪ್ಲೈಸಿಂಗ್ ಮುಗಿದದ್ದು ಬೆಳಗಿನ ಜಾವ.

ಮುಂದಿನ ವಾರ ಅನುಮತಿ ಪಡೆದು ಸಿರಾದಲ್ಲಿ ಓಎಸ್‌ಸಿಯ ಪ್ಯಾಚ್ ಕಾರ್ಡನ್ನು ಕೈಯಾರೆ ಕಿತ್ತೆ. ಫೈಬರ್‌ಗೇ ಬಲವಾದ ಲೇಸರ್ ಹಾಯಿಸಿ ಬೆಳಕು ಹಿಗ್ಗಿಸುವ ರಾಮನ್ ಆಂಪ್ಲಿಫೈಯರ್ ಇರುವ ಕಡೆ ಇದನ್ನು ಮಾಡಬೇಡಿ, ಓಎಸ್‌ಸಿ ಹೋದರೆ ಸುರಕ್ಷೆಗಾಗಿ ಆ ಲೇಸರ್, ಅಂದರೆ ಪಂಪ್, ಆರುವುದುಂಟು. ನಮ್ಮಲ್ಲಿ ರಾಮನ್ ಇರಲಿಲ್ಲ, ಗ್ರಾಹಕರ ಬೆಳಕು ಕದಲಲಿಲ್ಲ. ಟನೆಲ್‌ನ ಜೋಡಣೆಯನ್ನೂ ಬೇಕೆಂದೇ ಬೀಳಿಸಿ, ಮತ್ತೆ ಮೊದಲಿನಿಂದ ಏರುವುದನ್ನು ನೋಡಿದೆ. ಈಗ ಪ್ರತಿ ತಿಂಗಳೂ ಒಮ್ಮೆ ಬೀಳಿಸುತ್ತೇವೆ. ಅಲಾರಂ ಪಟ್ಟಿಯಲ್ಲಿ ಹಲೋ ಜೊತೆಗೆ ಎರಡು ಹೊಸ ಸಾಲು ಸೇರಿವೆ: ಓಎಸ್‌ಪಿಎಫ್ ಫುಲ್ ಇದೆಯೇ, 1372ರ (1400ರಲ್ಲಿ ಆ 28 ಕಳೆದು) ಪಿಂಗ್ ದಾಟುತ್ತಿದೆಯೇ.