ಮೈಲುತುತ್ತ, ಮೊಬೈಲು ಮತ್ತು ಎಪಿ ಕೆಮಿಸ್ಟ್ರಿ: ನನ್ನ ಅನುಭವ

"ಸಿಇಟಿಗೆ ಓದೋದು ಬಿಟ್ಟು ಎಂತದೋ ಅಮೆರಿಕದ ಪರೀಕ್ಷೆ ಬರೀತಾಳಂತೆ" ಅಂತ ಸಾಗರದ ಕಡೆಯ ನಮ್ಮ ನೆಂಟರಲ್ಲೆಲ್ಲ ಸುದ್ದಿ. "ಸುಮ್ನೆ ದುಡ್ಡು ದಂಡ" ಅಂದವರು ಒಬ್ಬ ಲೆಕ್ಚರರ್. ಆ ಪರೀಕ್ಷೆಯೇ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್): ಕಾಲೇಜು ಸೇರುವ ಮೊದಲೇ ಕಾಲೇಜು ಮಟ್ಟದ ವಿಷಯ ಬರೆಯುವುದು, ಅತಿ ಹೆಚ್ಚು ಅಂದರೆ 5 ಸಿಗುತ್ತದೆ. 2024ರ ಜುಲೈನಲ್ಲಿ ರಿಸಲ್ಟ್ ಬಂತು. ಕೆಮಿಸ್ಟ್ರಿಗೆ 5, ಫಿಸಿಕ್ಸ್ ಸಿ ಮೆಕ್ಯಾನಿಕ್ಸ್‌ಗೆ 4. ಒಂದು ದಿನವೂ ಕೋಚಿಂಗ್‌ಗೆ ಹೋಗಿರಲಿಲ್ಲ.

ದಂಡವೂ ಆಗಿದೆ, ಸುಳ್ಳು ಹೇಳಲ್ಲ. ಆಗ ಸೆಂಟರ್ ಚಾರ್ಜ್ ಸೇರಿ ಒಂದು ಪೇಪರಿಗೆ ಹದಿನೈದು ಸಾವಿರದ ಆಸುಪಾಸು ಇತ್ತು. ಮೂರಕ್ಕೆ ಕಟ್ಟಿದ್ದೆ. ಫಿಸಿಕ್ಸ್ ಸಿ ಪೇಪರುಗಳಿಗೆ ಇಂಟಿಗ್ರೇಶನ್ ಬೇಕು, ಅದು ನಮಗೆ ಬರುವುದೇ ಸೆಕೆಂಡ್ ಪಿಯುನಲ್ಲಿ. ಫಸ್ಟ್ ಪಿಯುನಲ್ಲೇ ಅದನ್ನು ಕಲಿತು ಮೆಕ್ಯಾನಿಕ್ಸ್ ಮುಗಿಸುವಷ್ಟರಲ್ಲಿ ಜನವರಿ ಬಂತು. ಎಲೆಕ್ಟ್ರಿಸಿಟಿ-ಮ್ಯಾಗ್ನೆಟಿಸಂ ಪೇಪರ್ ಕೈಬಿಟ್ಟೆ, ಆ ದುಡ್ಡೂ ಹೋಯಿತು.

ಹೊರಗಿನವರನ್ನು ಕೂರಿಸಿಕೊಳ್ಳುವ ಸೆಂಟರ್ ಹುಡುಕಲು ಬೆಂಗಳೂರಿನ ಹತ್ತು-ಹನ್ನೆರಡು ಶಾಲೆಗಳಿಗೆ ಫೋನ್ ಮಾಡಿದೆ. ಒಂದು ಶಾಲೆಯವರು ಆಯ್ತು ಅಂದು, ನವೆಂಬರ್ ಗಡುವಿಗೆ ಎರಡು ದಿನ ಇರುವಾಗ ಕೈಯೆತ್ತಿದರು. ಇನ್ನೊಂದು ಶಾಲೆಯವರನ್ನು ಹೇಗೆ ಒಪ್ಪಿಸಿದೆ ಅನ್ನುವುದು ನನ್ನಲ್ಲೇ ಇರಲಿ. ತಂಗಿಯೂ ಬರೆಯಬೇಕಿದೆ.

ನಮ್ಮ ಆರ್ಗ್ಯಾನಿಕ್ ರಿಯಾಕ್ಷನ್‌ಗಳ ರಾಶಿ ಎಪಿ ಕೆಮಿಸ್ಟ್ರಿಯಲ್ಲಿ ಇಲ್ಲ. ಆದರೆ ಫೋಟೋಎಲೆಕ್ಟ್ರಾನ್ ಸ್ಪೆಕ್ಟ್ರಮ್ (ಪರಮಾಣುವಿನಿಂದ ಎಲೆಕ್ಟ್ರಾನ್ ಕೀಳಲು ಬೇಕಾದ ಶಕ್ತಿಯ ಗ್ರಾಫ್) ಓದುವುದು, ಬಿಯರ್-ಲ್ಯಾಂಬರ್ಟ್ ನಿಯಮ (ದ್ರಾವಣ ಗಟ್ಟಿಯಾದಷ್ಟೂ ಹೆಚ್ಚು ಬೆಳಕು ನುಂಗುತ್ತದೆ ಅನ್ನುವ ಲೆಕ್ಕ) ಎಲ್ಲ ಇದೆ. ಅವಕ್ಕೆ ಪುಕ್ಕಟೆ ಸಿಗುವ ಪಾಠಗಳೇ ಸಾಕಾದವು. ನಾನು ಎಡವಿದ್ದು ಉತ್ತರ ಬರೆಯುವುದರಲ್ಲಿ. ಡಿಸೆಂಬರಿನಲ್ಲಿ ಹಳೆಯ ಫ್ರೀ ರೆಸ್ಪಾನ್ಸ್ (ಬಿಡಿಸಿ ಉತ್ತರ ಬರೆಯುವ) ಪೇಪರ್ ಬರೆದು 46ಕ್ಕೆ 34 ಅಂತ ನಾನೇ ಕೊಟ್ಟುಕೊಂಡೆ. ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್‌ನ ಸ್ಕೋರಿಂಗ್ ಗೈಡ್ ಇಟ್ಟುಕೊಂಡು ತಿದ್ದಿದರೆ 19! ಸೋಡಿಯಂ ಫ್ಲೋರೈಡ್ ಯಾಕೆ ಸೋಡಿಯಂ ಕ್ಲೋರೈಡ್‌ಗಿಂತ ಜಾಸ್ತಿ ಬಿಸಿಗೆ ಕರಗುತ್ತದೆ? ನಾನು "ಲ್ಯಾಟಿಸ್ ಎನರ್ಜಿ (ಹರಳಿನ ಅಯಾನುಗಳನ್ನು ಬಿಡಿಸಲು ಬೇಕಾದ ಶಕ್ತಿ) ಜಾಸ್ತಿ" ಎಂದು ಬರೆದು ಅಡಿಗೆರೆ ಎಳೆದಿದ್ದೆ. ಪಿಯುನಲ್ಲಾದರೆ ನಡೆಯುತ್ತಿತ್ತೇನೋ. ಫ್ಲೋರೈಡ್ ಅಯಾನು ಚಿಕ್ಕದು, ಎರಡು ಅಯಾನುಗಳ ಅಂತರ ಕಡಿಮೆ, ಅದಕ್ಕೇ ಸೆಳೆತ ಜಾಸ್ತಿ ಅಂತ ಬಿಡಿಸಿ ಹೇಳದಿದ್ದರೆ ಅಲ್ಲಿ ಸೊನ್ನೆ.

ಆಮೇಲೆ ಪ್ರತಿ ಭಾನುವಾರ 105 ನಿಮಿಷ ಗಡಿಯಾರ ಇಟ್ಟು ಬರೆದೆ. ತಿದ್ದುವುದು ಮಾತ್ರ ಮುಂದಿನ ಭಾನುವಾರ. ಅಷ್ಟರಲ್ಲಿ ಏನು ಬರೆಯಬೇಕು ಅಂದುಕೊಂಡಿದ್ದೆ ಅನ್ನುವುದು ಮರೆತಿರುತ್ತದೆ, ಹಾಳೆಯಲ್ಲಿ ಇದ್ದದ್ದಷ್ಟೇ ಕಾಣುತ್ತದೆ. ಮಾರ್ಚ್ ಹೊತ್ತಿಗೆ 35 ದಾಟಿದೆ. 5 ಬರಲು ಅಂದಾಜು ಮುಕ್ಕಾಲು ಪಾಲು ಸಾಕು.

ಲ್ಯಾಬ್ ಪ್ರಶ್ನೆಗಳಿಗೆ ಅಡಿಕೆ ತೋಟದ ಮೈಲುತುತ್ತ (ತಾಮ್ರದ ಸಲ್ಫೇಟ್) ಒದಗಿತು. ಬೇರೆ ಬೇರೆ ಪ್ರಮಾಣದಲ್ಲಿ ಕರಗಿಸಿ, ಒಂದೇ ಅಳತೆಯ ಆರು ಗಾಜಿನ ಲೋಟಕ್ಕೆ ಹಾಕಿ, ಹಿಂದೆ ಬಿಳಿ ಹಾಳೆ ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆದೆ. ನೀಲಿ ದ್ರಾವಣ ಕೆಂಪು ಬೆಳಕನ್ನು ನುಂಗುತ್ತದೆ, ಹಾಗಾಗಿ ಫೋಟೋದ ಕೆಂಪು ಅಂಕಿ ಮಾತ್ರ ನೋಡಬೇಕು. ಎರಡು ದಿನ ಗ್ರಾಫ್ ಅಡ್ಡಾದಿಡ್ಡಿ. ಮೊಬೈಲು ತಾನಾಗೇ ಬೆಳಕು ಹೊಂದಿಸಿಕೊಳ್ಳುತ್ತಿತ್ತು! ಎಕ್ಸ್‌ಪೋಶರ್ ಲಾಕ್ ಮಾಡಿದ ಮೇಲೆ ತೆಳು ದ್ರಾವಣಗಳಿಗೆ ನೆಟ್ಟಗಿನ ಗೆರೆ ಬಂತು, ಗಟ್ಟಿಯಾದಂತೆ ಬಾಗಿತು. ಅಪ್ಪಯ್ಯ ಲೋಟ ನೋಡಿ, "ಎಂತ ಮಾರಾಯ್ತಿ, ಮದ್ದು ಅಡಿಕೆಗಾ, ಕಾಲೇಜಿಗಾ?" ಅಂದರು. ಆ ಲೋಟಗಳನ್ನು ಅಮ್ಮ ಮತ್ತೆ ಅಡುಗೆಮನೆಗೆ ಸೇರಿಸಲಿಲ್ಲ.

ಅಡಿಕೆಗೆ ಹೊಡೆಯಲು ಮೈಲುತುತ್ತ, ಸುಣ್ಣ ಸೇರಿಸಿ ಬೋರ್ಡೋ ಮಿಶ್ರಣ ಮಾಡುವಾಗ ಅಪ್ಪಯ್ಯ ಕತ್ತಿ ಅದ್ದಿ ನೋಡುತ್ತಾರೆ. ಕಬ್ಬಿಣದ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಅಂತ. ಶುದ್ಧ ರೆಡಾಕ್ಸ್ (ಎಲೆಕ್ಟ್ರಾನ್ ಕೊಟ್ಟು-ತಗೊಳ್ಳುವ ಕ್ರಿಯೆ), ಅಲ್ವಾ? ಕಾಲೇಜಿಗೆ ಹಾಕುವ ಅರ್ಜಿಯ ಪ್ರಬಂಧಕ್ಕೆ ಅದನ್ನೇ ಹಿಡಿದೆ. ಮೊದಲ ಸಾಲು ಏನು ಅಂತ ಕೇಳಬೇಡಿ.

ಒಂಬತ್ತು ಕಾಲೇಜಿಗೆ ಹಾಕಿದ್ದೆ, ಎರಡು ಕರೆದವು. ಎಪಿಯಿಂದಲೇ ಕರೆದರು ಅಂತ ಹೇಳಲಾರೆ, ಅವರೇನು ಕಾರಣ ಬರೆದು ಕಳಿಸುವುದಿಲ್ಲ. ಸೇರಿದ ಕಡೆ ಕೆಮಿಸ್ಟ್ರಿಯ 5ಕ್ಕೆ ಮೊದಲ ಕೋರ್ಸ್ ಮಾಫಿ ಆಯಿತು, ಫಿಸಿಕ್ಸ್‌ನ 4ಕ್ಕೆ ಏನೂ ಸಿಗಲಿಲ್ಲ. ಕೈಬಿಟ್ಟ ಆ ಮೂರನೇ ಪೇಪರಿನ ಪಾಠವನ್ನು ಈಗ ಇಲ್ಲಿ ಬೆಳಗ್ಗೆ ಎಂಟಕ್ಕೆ ಚಳಿಯಲ್ಲಿ ಕೂತು ಕೇಳುತ್ತಿದ್ದೇನೆ.