ನೋವಿನ ಸೊಂಟಕ್ಕೆ ಗುಡಾರದಲ್ಲಿ ನಿದ್ದೆ ಬರಿಸುವುದು ಹೇಗೆ?

ಕಿಬ್ಬೊಟ್ಟೆಯಲ್ಲಿ, ಸೊಂಟದ ಮೂಳೆಗಳ ನಡುವೆ ಆರು ತಿಂಗಳು ಕಳೆದರೂ ಬಿಡದೆ ಕಾಡುವ ನೋವಿಗೆ ವೈದ್ಯರು ದೀರ್ಘಕಾಲದ ಪೆಲ್ವಿಕ್ ನೋವು ಎನ್ನುತ್ತಾರೆ. ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೂ ಬೆಳೆಯುವ ಎಂಡೊಮೆಟ್ರಿಯೋಸಿಸ್ ಇರುವವರಿಗೆ, ಮೂತ್ರಕೋಶದ ನೋವಿನವರಿಗೆ, ಪ್ರಾಸ್ಟೇಟ್ ಸುತ್ತ ನೋವು ಕಾಣುವ ಗಂಡಸರಿಗೆ, ಮೂತ್ರಕೋಶ ಮತ್ತು ಕರುಳನ್ನು ಕೆಳಗಿನಿಂದ ಹೊತ್ತು ನಿಂತ ಸ್ನಾಯುಗಳು ಸದಾ ಬಿಗಿದುಕೊಂಡಿರುವವರಿಗೆ ಇದನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಇಂಥವರು ಕ್ಯಾಂಪಿಂಗ್‌ಗೆ ಹೊರಟಾಗ ಮತ್ತೆ ಮತ್ತೆ ಕಾಣುವ ಎಡವಟ್ಟು ಒಂದೇ: ಚೀಲದ ತುಂಬ ಮಾತ್ರೆ, ಮಲಗಲು ಮಾತ್ರ ತೆಳು ಚಾಪೆ. ‘ಒಂದು ರಾತ್ರಿ ತಾನೇ, ಹೇಗೋ ಸುಧಾರಿಸಿಕೊಳ್ಳೋಣ’ ಎಂದು ಮಲಗುತ್ತಾರೆ. ಬೆಳಿಗ್ಗೆ ಸೊಂಟ ಮರಗಟ್ಟಿರುತ್ತದೆ, ಮಧ್ಯಾಹ್ನಕ್ಕೆ ನೋವು ಕೆರಳುತ್ತದೆ, ಸಂಜೆಯ ಹೊತ್ತಿಗೆ ‘ನನಗೆ ಇದೆಲ್ಲ ಆಗಿಬರುವುದಿಲ್ಲ’ ಎಂಬ ತೀರ್ಮಾನಕ್ಕೆ ಬಂದಿರುತ್ತಾರೆ. ತಪ್ಪೆಲ್ಲ ಆ ಚಾಪೆಯದು.

ಹೊರಡುವ ಮೊದಲು

ಮುಟ್ಟಿನ ಜೊತೆ ನೋವು ಏರುವವರು ಆ ದಿನಗಳನ್ನು ಬಿಟ್ಟು ಹೊರಡಿ. ಹೊಸ ಔಷಧ ಶುರುವಾದ ವಾರವೂ ಬೇಡ. ವಾಹನ ಗುಡಾರದ ಹತ್ತಿರಕ್ಕೇ ಬರುವಂಥ, ಶೌಚಾಲಯ ಕಣ್ಣಳತೆಯಲ್ಲಿರುವ, ಮೊಬೈಲ್ ಸಿಗ್ನಲ್ ಸಿಗುವ ಜಾಗ ಹುಡುಕಿ. ನೋಟ ಎಷ್ಟೇ ಸೊಗಸಾಗಿರಲಿ, ಸಾಮಾನು ಹೊತ್ತು ಅರ್ಧ ಗಂಟೆ ಏರಬೇಕಾದ ಜಾಗ ನಿಮಗಲ್ಲ. ಕನಿಷ್ಠ ಎರಡು ರಾತ್ರಿ ಉಳಿಯಿರಿ ಎಂಬುದು ನನ್ನ ಹಟ. ಒಂದೇ ರಾತ್ರಿಯಾದರೆ ಕಟ್ಟುವುದು, ಕೂರುವುದು, ಬಿಚ್ಚುವುದು, ಮತ್ತೆ ಕಟ್ಟುವುದು ಎಲ್ಲವೂ ಒಂದರ ಬೆನ್ನಿಗೆ ಒಂದು ಬೀಳುತ್ತವೆ. ಸುಮ್ಮನೆ ಬಿದ್ದುಕೊಂಡಿರಲು ನಡುವೆ ಒಂದು ಖಾಲಿ ದಿನ ಸಿಗುವುದಿಲ್ಲ.

ಒಯ್ಯಲಿರುವ ಹಾಸಿಗೆ, ದಿಂಬು, ಹೊದಿಕೆಗಳನ್ನೇ ಮನೆಯ ನೆಲದ ಮೇಲೆ ಹಾಸಿ ಒಂದು ಇಡೀ ರಾತ್ರಿ ಮಲಗಿ ನೋಡಿ. ಅಂಗಡಿಯಲ್ಲಿ ಎರಡು ನಿಮಿಷ ಮಲಗಿ ಎದ್ದರೆ ಎಲ್ಲ ಹಾಸಿಗೆಯೂ ಸ್ವರ್ಗವೇ.

ದಾರಿಯಲ್ಲಿ

ಬಹಳ ಜನರಿಗೆ ನೋವು ಕೆರಳುವುದು ಕಾಡಿನಲ್ಲಲ್ಲ, ಅಲ್ಲಿಗೆ ಹೋಗುವ ಸೀಟಿನಲ್ಲಿ. ಗಂಟೆಗೊಮ್ಮೆ ಇಳಿದು ಐದು ನಿಮಿಷ ನಡೆಯಿರಿ. ಬೇಕಾದ ದಿಂಬು ಹಿಂಬದಿಯಲ್ಲಿ ಅಥವಾ ನಡುವೆ ಸೀಳಿರುವ, ಒತ್ತಿದರೆ ಪೂರ್ತಿ ಕುಸಿಯದ ಫೋಮ್ ದಿಂಬು. ಔಷಧದಂಗಡಿಯಲ್ಲಿ ಕೇಳಿದ ಕೂಡಲೇ ಎತ್ತಿಕೊಡುವ ಉಂಗುರಾಕಾರದ ಗಾಳಿ ದಿಂಬನ್ನು ದಯವಿಟ್ಟು ಕೊಳ್ಳಬೇಡಿ. ಅದು ಅಂಚಿನಲ್ಲೆಲ್ಲ ಒತ್ತುತ್ತದೆ, ನಡುವಿನ ಭಾಗವನ್ನು ಜೋತುಬೀಳಿಸುತ್ತದೆ. ಕೂತಾಗ ಉರಿ, ಚುಚ್ಚು ಕಾಣುವ ನರದ ನೋವಿನವರಿಗೆ ಅದರಿಂದ ಅನುಕೂಲಕ್ಕಿಂತ ಕಿರಿಕಿರಿಯೇ ಹೆಚ್ಚು.

ತಲುಪಿದ ಕೂಡಲೇ ಕಂಬ ನೆಡಲು ಓಡಬೇಡಿ. ಮೊದಲು ಫೋಮ್ ಮ್ಯಾಟ್ ಹಾಸಿ, ಮೊಣಕಾಲು ಮಡಿಸಿ, ಇಪ್ಪತ್ತು ನಿಮಿಷ ಅಂಗಾತ ಮಲಗಿ. ಜೊತೆಗಿದ್ದವರು ಏನಂದುಕೊಳ್ಳುತ್ತಾರೋ ಎಂಬ ಸಂಕೋಚ ಬೇಡ. ಗುಡಾರವನ್ನು ಅವರೇ ಹಾಕಲಿ. ಒಳಗೆ ನಿಂತು ಬಟ್ಟೆ ಬದಲಿಸುವಷ್ಟು ಎತ್ತರವಿದ್ದರೆ ಸಾಕು, ಅದರ ಬಗ್ಗೆ ಬೇರೆ ತಕರಾರಿಲ್ಲ.

ಹಾಸಿಗೆ

ಇಲ್ಲಿ ಅವಸರ ಸಲ್ಲದು. ಗುಡಾರ ಬಿಚ್ಚುವುದಕ್ಕೂ ಮುಂಚೆ, ಅದು ಬರಲಿರುವ ನೆಲದ ಮೇಲೆ ನೀವು ನಿದ್ದೆ ಮಾಡುವ ಮಗ್ಗುಲಲ್ಲೇ ಮಲಗಿ. ಕಣ್ಣಿಗೆ ಕಾಣದ ಇಳಿಜಾರು ಮೈಗೆ ತಿಳಿಯುತ್ತದೆ. ಸ್ವಲ್ಪ ಇಳಿಜಾರು ಇದ್ದೇ ಇದ್ದರೆ ತಲೆ ಮೇಲ್ಭಾಗಕ್ಕೆ ಬರಲಿ. ಎಡಕ್ಕೋ ಬಲಕ್ಕೋ ವಾಲಿರುವ ನೆಲ ಎಲ್ಲಕ್ಕಿಂತ ಕೆಟ್ಟದ್ದು. ಉರುಳಿ ಹೋಗದಂತೆ ತಡೆಯಲು ಸೊಂಟ ಮತ್ತು ತೊಡೆಯ ಸ್ನಾಯುಗಳು ರಾತ್ರಿಯಿಡೀ ಬಿಗಿಹಿಡಿದಿರುತ್ತವೆ, ನಿಮಗೆ ನಿದ್ದೆ ಬಂದರೂ ಅವಕ್ಕೆ ಬಿಡುವಿರುವುದಿಲ್ಲ. ಆಮೇಲೆ ಅಂಗೈಯಿಂದ ನೆಲ ಸವರಿ ಕಲ್ಲು, ಕಡ್ಡಿ, ಬೇರಿನ ಗಂಟು ಹುಡುಕಿ. ಕಿತ್ತು ತೆಗೆಯಲಾಗದ ಬೇರು ಸಿಕ್ಕಿದರೆ ಜಾಗವನ್ನೇ ಬದಲಿಸಿ.

ಹಾಸಿಗೆ ಎರಡು ಪದರದ್ದಾಗಿರಬೇಕು. ಕೆಳಗೆ ನೀರು ಹೀರದ ಗಟ್ಟಿ ಫೋಮ್ ಮ್ಯಾಟ್, ಅದರ ಮೇಲೆ 8ರಿಂದ 10 ಸೆಂಟಿಮೀಟರ್ ದಪ್ಪದ ಗಾಳಿ ಹಾಸಿಗೆ. ಕ್ಯಾಂಪಿಂಗ್ ಹಾಸಿಗೆಗಳ ಮೇಲೆ ಆರ್-ಮೌಲ್ಯ ಎಂಬ ಸಂಖ್ಯೆ ಅಚ್ಚಾಗಿರುತ್ತದೆ. ಮೈಯ ಶಾಖ ನೆಲಕ್ಕೆ ಸೋರದಂತೆ ಹಾಸಿಗೆ ಎಷ್ಟು ತಡೆಯುತ್ತದೆ ಎಂಬುದರ ಅಳತೆ ಅದು. ಒಂದರ ಮೇಲೊಂದು ಹಾಸಿದಾಗ ಎರಡೂ ಸಂಖ್ಯೆಗಳು ಕೂಡುತ್ತವೆ: 2 ಇರುವ ಫೋಮ್ ಮೇಲೆ 3 ಇರುವ ಗಾಳಿ ಹಾಸಿಗೆ ಹಾಸಿದರೆ 5. ಚಳಿಯ ರಾತ್ರಿಗೆ ಮೊತ್ತ 4ಕ್ಕಿಂತ ಕಡಿಮೆ ಇರಬಾರದು. ಇನ್ನು, ಮನೆಗೆ ನೆಂಟರು ಬಂದಾಗ ಊದಿಸುವ ದಪ್ಪನೆಯ ಗಾಳಿ ಹಾಸಿಗೆಯನ್ನು ಗುಡಾರಕ್ಕೆ ತರುವವರಿದ್ದಾರೆ. ನೋಡಲು ಮಂಚದಂತೆ ಕಂಡರೂ ಅದರೊಳಗೆ ಶಾಖ ತಡೆಯುವ ಪದರವಿಲ್ಲ. ನಡುರಾತ್ರಿಗೆ ಬೆನ್ನ ಕೆಳಗಿನ ಗಾಳಿಯೆಲ್ಲ ತಣ್ಣಗಾಗಿ, ಚಳಿಗೆ ಸ್ನಾಯುಗಳು ಬಿಗಿದುಕೊಳ್ಳುತ್ತವೆ. ಸಾಲದ್ದಕ್ಕೆ, ಪಕ್ಕದವರು ಮಗ್ಗುಲು ಬದಲಿಸಿದಾಗಲೆಲ್ಲ ನೀವು ಎಗರುತ್ತೀರಿ.

ಗಾಳಿ ತುಂಬುವುದರಲ್ಲಿ ಎಲ್ಲರೂ ಎಡವುತ್ತಾರೆ. ಕಲ್ಲಿನಂತೆ ಬಿಗಿಯಾಗುವವರೆಗೆ ಊದಿ ಅದರ ಮೇಲೆ ಮಲಗಿಬಿಡುತ್ತಾರೆ. ಹಾಗಲ್ಲ. ಮೊದಲು ಬಿಗಿಯಾಗಿಯೇ ತುಂಬಿ, ಮಗ್ಗುಲಾಗಿ ಮಲಗಿ, ಕವಾಟವನ್ನು ಬೆರಳಿನಿಂದ ಸ್ವಲ್ಪವೇ ತೆರೆದು ಗಾಳಿಯನ್ನು ನಿಧಾನವಾಗಿ ಬಿಡುತ್ತಾ ಬನ್ನಿ. ಸೊಂಟದ ಮೂಳೆ ಹಾಸಿಗೆಯೊಳಗೆ ಇಳಿಯಬೇಕು, ಆದರೆ ನೆಲ ಮುಟ್ಟಬಾರದು. ಪರೀಕ್ಷೆ ಸುಲಭ: ಹಾಸಿಗೆ ಮತ್ತು ಫೋಮ್ ಮ್ಯಾಟ್ ನಡುವೆ, ಸರಿಯಾಗಿ ಸೊಂಟದ ಕೆಳಗೆ ಅಂಗೈ ತೂರಿಸಿ. ಮೂಳೆ ಕೈಯನ್ನು ಅಮುಕಿದಂತೆ ಅನ್ನಿಸಿದರೆ ಗಾಳಿ ಕಡಿಮೆಯಾಗಿದೆ. ಅಂಗೈ ಸಲೀಸಾಗಿ ಸರಿದಾಡಿ, ಭುಜ ಮತ್ತು ಸೊಂಟ ಒಂದೇ ಮಟ್ಟದಲ್ಲಿ ಹುದುಗಿದ್ದರೆ ಸರಿಯಾಗಿದೆ. ಇಷ್ಟಕ್ಕೇ ಮುಗಿಯಲಿಲ್ಲ. ರಾತ್ರಿ ತಂಪೇರಿದಂತೆ ಒಳಗಿನ ಗಾಳಿ ಕುಗ್ಗಿ ಹಾಸಿಗೆ ಮೆತ್ತಗಾಗುತ್ತದೆ. ಮಲಗುವ ಹೊತ್ತಿಗೆ ಮತ್ತೊಮ್ಮೆ ನೋಡಿ ನಾಲ್ಕು ಉಸಿರು ಸೇರಿಸಿ. ‘ಹಾಸಿಗೆ ತೂತಾಗಿದೆ’ ಎಂಬ ದೂರುಗಳಲ್ಲಿ ಅದೆಷ್ಟೋ ಇದೇ ಕಾರಣದವು.

ಮಗ್ಗುಲಲ್ಲಿ ಮಲಗುವವರಿಗೆ ಕಾಲುಗಳ ನಡುವೆ ದಿಂಬು ಕಡ್ಡಾಯ. ಅದು ಮೊಣಕಾಲಿನಿಂದ ಪಾದದ ಗಂಟಿನವರೆಗೂ ಚಾಚಿರಬೇಕು. ಮೊಣಕಾಲಿಗೆ ಮಾತ್ರ ದಿಂಬು ಕೊಟ್ಟರೆ ಮೇಲಿನ ಪಾದ ಕೆಳಗೆ ಜೋತು, ತೊಡೆ ತಿರುಚಿ, ಎಳೆತ ಸೀದಾ ಕಿಬ್ಬೊಟ್ಟೆಗೆ ಬರುತ್ತದೆ. ಅಂಗಾತ ಮಲಗುವವರು ಅದೇ ದಿಂಬನ್ನು ಮೊಣಕಾಲ ಕೆಳಗೆ ಇಡಿ. ಬಟ್ಟೆ ತುಂಬಿದ ಚೀಲವನ್ನೇ ದಿಂಬು ಮಾಡಿಕೊಳ್ಳುವ ಮಿತವ್ಯಯ ತಲೆಗೆ ಸಾಕು, ಕಾಲಿಗೆ ನಡೆಯದು. ಜಾರಿ ಹೋಗುತ್ತದೆ. ಕಾಲ ಕಡೆ ಕಿರಿದಾಗುತ್ತಾ ಹೋಗುವ ಸ್ಲೀಪಿಂಗ್ ಬ್ಯಾಗ್ ಕೂಡ ಬೇಡ. ಅದರೊಳಗೆ ಮೊಣಕಾಲು ಮಡಿಸಲಾಗದು, ದಿಂಬಿಗಂತೂ ಜಾಗವೇ ಇಲ್ಲ. ಆಯತಾಕಾರದ್ದು, ಪೂರ್ತಿ ಜಿಪ್ ಬಿಚ್ಚಿ ರಜಾಯಿಯಂತೆ ಹೊದೆಯಬಹುದಾದದ್ದು ಇರಲಿ.

ನೆಲದಿಂದ ಏಳುವುದೇ ಯಾತನೆ ಎನ್ನುವವರಿಗೆ ಮಡಿಸುವ ಮಂಚ ಒಳ್ಳೆಯದು. ಕೊಳ್ಳುವ ಮೊದಲು ಅಡ್ಡಪಟ್ಟಿ ಸೊಂಟಕ್ಕೆ ಒತ್ತುತ್ತದೆಯೇ ಎಂದು ಮಲಗಿ ನೋಡಿ. ಮಂಚದ ಕೆಳಗೆ ತಣ್ಣನೆಯ ಗಾಳಿ ಆಡುವುದರಿಂದ ಅದರ ಮೇಲೂ ಫೋಮ್ ಮ್ಯಾಟ್ ಬೇಕು. ನೆಲದಲ್ಲೇ ಮಲಗುವವರು ಅಂಗಾತದಿಂದ ನೇರವಾಗಿ ಎದ್ದು ಕೂರಬೇಡಿ, ಹೊಟ್ಟೆಯ ಒತ್ತಡವೆಲ್ಲ ಕೆಳಕ್ಕೆ ಬೀಳುತ್ತದೆ. ಮಗ್ಗುಲಿಗೆ ಹೊರಳಿ, ಮಂಡಿ ಮತ್ತು ಕೈಗಳ ಮೇಲೆ ನಿಂತು, ಒಂದು ಪಾದ ಮುಂದಿಟ್ಟು, ಪಕ್ಕದ ಕುರ್ಚಿಗೆ ಕೈಯೂರಿ, ಉಸಿರು ಬಿಡುತ್ತಾ ಏಳಿ.

ಶಾಖ

ರಬ್ಬರಿನ ಬಿಸಿನೀರಿನ ಚೀಲವನ್ನು ಮೀರಿಸುವ ಸಾಧನ ನನ್ನ ಮಟ್ಟಿಗೆ ಇನ್ನೂ ಬಂದಿಲ್ಲ. ಕುದಿಯುವ ನೀರು ಹಾಕದೆ, ಮೂರರಲ್ಲಿ ಎರಡು ಪಾಲು ತುಂಬಿ, ಉಳಿದ ಗಾಳಿಯನ್ನು ಒತ್ತಿ ಹೊರಹಾಕಿ, ಬಿರಡೆ ಬಿಗಿದು, ಬಟ್ಟೆ ಸುತ್ತಿ ಇಟ್ಟುಕೊಳ್ಳಿ. ಮಲಗುವ ಮುಂಚೆ ಹೊದಿಕೆಯೊಳಗೆ ಇಟ್ಟರೆ ಹಾಸಿಗೆಯೂ ಬೆಚ್ಚಗಾಗುತ್ತದೆ. ನಿದ್ದೆ ಹತ್ತುವಾಗ ಮೈಯಿಂದ ದೂರ ಸರಿಸಿ. ದಿನಾ ಒಂದೇ ಜಾಗಕ್ಕೆ ಶಾಖ ಕೊಟ್ಟವರ ಹೊಟ್ಟೆಯ ಮೇಲೆ ಬಲೆಯಂಥ ಕಂದು ಕಲೆ ಮೂಡುವುದುಂಟು. ಅದು ಶಾಖ ಹೆಚ್ಚಾಯಿತು ಎಂಬ ಎಚ್ಚರಿಕೆ.

ಕಬ್ಬಿಣದ ಪುಡಿ ತುಂಬಿದ ಬಿಸಿ ಪೊಟ್ಟಣಗಳು ಗಾಳಿ ತಾಗಿದಾಗ ಕಾಯುತ್ತವೆ. ಅವನ್ನು ಬರಿ ಮೈಗೆ ಅಂಟಿಸಬೇಡಿ, ನೋವಿನ ಮುಲಾಮು ಹಚ್ಚಿದ ಜಾಗಕ್ಕಂತೂ ಖಂಡಿತ ಬೇಡ. ಔಷಧಿ ಪಟ್ಟಿ ಅಂಟಿಸಿಕೊಂಡಿರುವವರು ಅದರ ಮೇಲೆ ಯಾವ ಶಾಖವನ್ನೂ ಇಡಬಾರದು. ಕೆಲವು ಪಟ್ಟಿಗಳಿಂದ ಔಷಧ ಅಪಾಯವೆನಿಸುವಷ್ಟು ಬೇಗ ಮೈಗೆ ಸೇರುತ್ತದೆ. ಪವರ್ ಬ್ಯಾಂಕ್‌ಗೆ ಜೋಡಿಸುವ ಶಾಖದ ಪಟ್ಟಿ ತರುವವರು ಲೆಕ್ಕ ಹಾಕಿಯೇ ತನ್ನಿ. 20,000 ಎಂಎಎಚ್ ಪವರ್ ಬ್ಯಾಂಕ್‌ನಲ್ಲಿ ಇರುವುದು ಸುಮಾರು 74 ವ್ಯಾಟ್-ಗಂಟೆ. 10 ವ್ಯಾಟ್ ಪಟ್ಟಿಗೆ ಕಾಗದದ ಮೇಲೆ ಏಳು ಗಂಟೆ, ಸೋರಿಕೆ ಕಳೆದರೆ ಐದಾರು. ಚಳಿಗೆ ಬ್ಯಾಟರಿ ಕುಗ್ಗುತ್ತದೆ, ಹೊರಗೆ ಬಿಡಬೇಡಿ. ಗುಡಾರ ಬೆಚ್ಚಗಾಗಲೆಂದು ಒಲೆ, ಕೆಂಡ ಒಳಗೆ ತರುವುದು ಪ್ರಾಣಕ್ಕೇ ಕುತ್ತು. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ.

ರಾತ್ರಿಯ ಶೌಚ

ಇದರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಅದಕ್ಕೇ ಸಂಜೆಯಿಂದ ನೀರು ಕುಡಿಯುವುದನ್ನೇ ನಿಲ್ಲಿಸುತ್ತಾರೆ. ಗಟ್ಟಿಯಾದ ಮೂತ್ರ ಮೂತ್ರಕೋಶವನ್ನು ಇನ್ನಷ್ಟು ಕೆರಳಿಸುತ್ತದೆ, ಮಲಬದ್ಧತೆ ಸೇರಿದರೆ ಕೇಳುವುದೇ ಬೇಡ. ಹಗಲಿಡೀ ಸ್ವಲ್ಪಸ್ವಲ್ಪವೇ ಕುಡಿಯಿರಿ, ಮಲಗುವ ಎರಡು ಗಂಟೆ ಮೊದಲು ಕಡಿಮೆ ಮಾಡಿ. ರಾತ್ರಿಗೆ ಮುಚ್ಚಳವಿರುವ ಬಕೆಟ್, ಅದರ ಮೇಲೆ ಕೂರಲು ಸೀಟು, ಒಳಗೆ ದಪ್ಪ ಚೀಲ: ಇಷ್ಟನ್ನು ಗುಡಾರದ ಹೊರಕೋಣೆಯಲ್ಲಿ ಇಟ್ಟರೆ ಕತ್ತಲಲ್ಲಿ ತಡಕಾಡುವ ಕಷ್ಟವಿಲ್ಲ. ಮುಖ್ಯವಾದದ್ದು ಪೂರ್ತಿ ಕೂರುವುದು. ಸೀಟು ಕೊಳಕೆಂದು ಅರ್ಧ ಬಗ್ಗಿ ನಿಂತರೆ ತೊಡೆ, ಪೃಷ್ಠ, ಒಳಗಿನ ಸ್ನಾಯು ಯಾವುದೂ ಸಡಿಲವಾಗುವುದಿಲ್ಲ, ಮೂತ್ರ ಪೂರ್ತಿ ಖಾಲಿಯಾಗುವುದೂ ಇಲ್ಲ. ಹೆಂಗಸರು ನಿಂತು ಬಳಸುವ ಆಲಿಕೆಯನ್ನು ಮನೆಯ ಬಚ್ಚಲಲ್ಲಿ ಅಭ್ಯಾಸ ಮಾಡದೆ ತರಬೇಡಿ. ತೀರಾ ಮೃದುವಾದದ್ದು ಮಡಚಿಕೊಂಡು ಬಟ್ಟೆ ಒದ್ದೆಯಾಗುವುದು ಖಚಿತ. ಶೌಚಾಲಯವೇ ಇಲ್ಲದ ಕಡೆ ನೀರಿನ ಮೂಲದಿಂದ 60 ಮೀಟರ್ ದೂರದಲ್ಲಿ, 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ ತೋಡಿ, ಆಮೇಲೆ ಮಣ್ಣು ಮುಚ್ಚಿ.

ಹಗಲು

ಬಟ್ಟೆ ಜೋತುಬಿದ್ದು ಮೊಣಕಾಲು ಸೊಂಟಕ್ಕಿಂತ ಮೇಲೇರುವ ತಗ್ಗು ಕುರ್ಚಿಗಳನ್ನು ಬೇರೆಯವರಿಗೆ ಬಿಟ್ಟುಕೊಡಿ. ನಿಮಗೆ ಸಮತಟ್ಟಾದ, ಎತ್ತರದ ಸೀಟು ಬೇಕು. ನೀರಿನ ಕ್ಯಾನ್ ತುಂಬಿ ಎತ್ತಬೇಡಿ, ಅರ್ಧರ್ಧ ತನ್ನಿ. ನೋವು ಕಡಿಮೆಯಿದೆ ಎಂದು ಬೆಟ್ಟದ ತುದಿವರೆಗೆ ನಡೆದವರು ಮರುದಿನ ಅದರ ಬಾಕಿ ತೀರಿಸುತ್ತಾರೆ. ಶಕ್ತಿ ಉಳಿದಿರುವಾಗಲೇ ಹಿಂದಿರುಗಿ. ಸಂಜೆ ಮೊಣಕಾಲು ಮಡಿಸಿ ಮಲಗಿ, ಹೊಟ್ಟೆ ಉಬ್ಬುವಂತೆ ನಿಧಾನವಾಗಿ ಉಸಿರೆಳೆದು ಬಿಡುವುದು ಹಿತ. ‘ಸ್ನಾಯು ಬಲವಾಗಲು ಬಿಗಿಹಿಡಿಯುವ ವ್ಯಾಯಾಮ ಮಾಡಿ’ ಎಂದು ಸಲಹೆ ಕೊಡುವವರು ಸಿಕ್ಕೇ ಸಿಗುತ್ತಾರೆ. ಈಗಾಗಲೇ ಬಿಗಿದ ಸ್ನಾಯುವಿಗೆ ಅದು ಬೆಂಕಿಗೆ ತುಪ್ಪ. ಫಿಸಿಯೋಥೆರಪಿಸ್ಟ್ ಹೇಳದೆ ಮಾಡಬೇಡಿ.

ಮಾತ್ರೆಗಳನ್ನು ಬಿಸಿಲಲ್ಲಿ ನಿಂತ ವಾಹನದಲ್ಲಿ ಬಿಡಬೇಡಿ. ಗುದದಲ್ಲಿ ಇಡುವಂಥವು ಅಲ್ಲಿ ಕರಗಿಯೇ ಹೋಗುತ್ತವೆ. ಐಬುಪ್ರೊಫೆನ್‌ನಂಥ ನೋವುನಿವಾರಕಗಳನ್ನು ಊಟದ ಜೊತೆ, ಸಾಕಷ್ಟು ನೀರಿನೊಂದಿಗೆ ತೆಗೆದುಕೊಳ್ಳಿ. ಮೈಯಲ್ಲಿ ನೀರು ಬತ್ತಿದಾಗ ಅವು ಮೂತ್ರಪಿಂಡಕ್ಕೆ ಹೊರೆ.

ಹಿಂದಿರುಗುವ ದಾರಿ

ನಡುವೆಯೇ ಹೊರಡಬೇಕಾದರೆ ವಾಹನ ಓಡಿಸುವವರು ಯಾರು, ಸಾಮಾನು ಕಟ್ಟುವವರು ಯಾರು ಎಂದು ಹೊರಡುವ ಮೊದಲೇ ಮಾತಾಡಿಕೊಳ್ಳಿ. ನಡುರಾತ್ರಿ ನೋವಿನಲ್ಲಿ ಆ ಚರ್ಚೆ ಬೇಡ. ಎಂದಿನ ನೋವಲ್ಲದ, ಇದ್ದಕ್ಕಿದ್ದಂತೆ ಹರಿದಂತೆ ಬರುವ ನೋವು, ಜ್ವರ, ತಲೆಸುತ್ತಿ ಬೀಳುವುದು, ಮೂತ್ರ ಕಟ್ಟಿಕೊಳ್ಳುವುದು, ಒಳತೊಡೆ ಮತ್ತು ಗುದದ ಸುತ್ತ ಜೋಮು, ನಿಲ್ಲದ ರಕ್ತಸ್ರಾವ ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ನೇರ ಆಸ್ಪತ್ರೆಗೆ ಹೋಗಬೇಕು.

ಎಲ್ಲ ಸರಿಯಾಗಿ ನಡೆದರೂ, ಮರಳಿದ ಮರುದಿನಕ್ಕೆ ಯಾವ ಕೆಲಸವನ್ನೂ ಒಪ್ಪಿಕೊಳ್ಳಬೇಡಿ. ಗುಡಾರ ಒಣಗಿಸುವುದು ಬೇರೆಯವರ ಪಾಲಿಗಿರಲಿ. ಗಾಳಿ ಹಾಸಿಗೆಯನ್ನು ಸುತ್ತಿ ಅಟ್ಟಕ್ಕೆ ಎಸೆಯದೆ, ಕವಾಟ ತೆರೆದು ಬಿಡಿಸಿ ಇಡುವಂತೆ ಹೇಳಿ. ಸುತ್ತಿಟ್ಟರೆ ಉಸಿರಿನ ತೇವಕ್ಕೆ ಒಳಗೆ ಬೂಷ್ಟು ಹಿಡಿಯುತ್ತದೆ.